ಕೇಳಿ, ಹೇಳುತ್ತೇವೆ: ಕ್ರೀಮಿನ ಡಬ್ಬಿಯೊಳಗಿನ ಎಸ್ಟರ್‌ಗಳು

ಈ ತಿಂಗಳ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗುಂಪಿನ ಪದಾರ್ಥಗಳ ಸುತ್ತ ಇವೆ. ಗಿಡಮರಗಳ ಎಣ್ಣೆಯಿಂದ ತಯಾರಾಗಿ ಕ್ರೀಮು, ಲೋಷನ್, ಲಿಪ್ ಬಾಮ್‌ಗಳಿಗೆ ಸೇರುವ ಎಸ್ಟರ್‌ಗಳು ಅವು. ಒಂದು ಆಮ್ಲವೂ ಒಂದು ಆಲ್ಕೋಹಾಲೂ ಕೂಡಿಕೊಂಡು, ನಡುವಿನಿಂದ ನೀರು ಹೊರಬಿದ್ದ ಮೇಲೆ ಉಳಿಯುವುದೇ ಎಸ್ಟರ್. ನಮ್ಮ ಅಡುಗೆ ಎಣ್ಣೆಗಳೂ ಎಸ್ಟರ್‌ಗಳೇ: ಒಂದು ಗ್ಲಿಸರಿನ್, ಅದಕ್ಕೆ ಅಂಟಿದ ಮೂರು ಕೊಬ್ಬಿನಾಮ್ಲ. ಯಾವ ಆಮ್ಲ, ಯಾವ ಆಲ್ಕೋಹಾಲ್ ಎಂಬುದು ತಿಳಿದರೆ ಜಿಡ್ಡು ಎಷ್ಟು, ಬಾಳಿಕೆ ಎಷ್ಟು, ಡಬ್ಬಿಯ ಮೇಲಿನ ಮಾತು ಎಷ್ಟು ನಿಜ ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಪ್ರಶ್ನೆ: ಮುಖಕ್ಕೆ ಹಚ್ಚುವ ಕ್ರೀಮಿನ ಪಟ್ಟಿಯಲ್ಲಿ ನೀರಿನ ನಂತರ ‘ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್’ ಎಂದಿದೆ. ಅದು ತೆಂಗಿನೆಣ್ಣೆಯಿಂದ ಬಂದದ್ದಂತೆ. ಹಾಗಿದ್ದರೆ ಮನೆಯ ಕೊಬ್ಬರಿ ಎಣ್ಣೆಯನ್ನೇ ಹಚ್ಚಿಕೊಂಡರೆ ಆಗದೇ? (ತಿಪಟೂರು)

ಉತ್ತರ: ಮೂಲ ಒಂದೇ ಆದರೂ ಪದಾರ್ಥ ಬೇರೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು 12 ಕಾರ್ಬನ್‌ಗಳ ಲಾರಿಕ್ ಆಮ್ಲ. 8 ಕಾರ್ಬನ್‌ಗಳ ಕ್ಯಾಪ್ರಿಲಿಕ್ ಮತ್ತು 10 ಕಾರ್ಬನ್‌ಗಳ ಕ್ಯಾಪ್ರಿಕ್ ಎರಡೂ ಸೇರಿದರೆ ನೂರಕ್ಕೆ ಹದಿಮೂರು ಹದಿನಾಲ್ಕರ ಆಸುಪಾಸು. ಕಾರ್ಖಾನೆಯಲ್ಲಿ ಎಣ್ಣೆಯನ್ನು ಅಧಿಕ ಒತ್ತಡದ ಹಬೆಯಿಂದ ಒಡೆದು ಗ್ಲಿಸರಿನ್ ಬೇರ್ಪಡಿಸುತ್ತಾರೆ, ಉಳಿದ ಆಮ್ಲಗಳನ್ನು ನಿರ್ವಾತದಲ್ಲಿ ಬಟ್ಟಿ ಇಳಿಸುತ್ತಾರೆ. ಮೊದಲು ಹಾರಿಬರುವ 8 ಮತ್ತು 10ರ ಆಮ್ಲಗಳನ್ನು ಹಿಡಿದು ಮತ್ತೆ ಗ್ಲಿಸರಿನ್‌ಗೆ ಜೋಡಿಸಿದರೆ ನಿಮ್ಮ ಡಬ್ಬಿಯ ಪದಾರ್ಥ ಸಿದ್ಧ. ಉಳಿದ ಲಾರಿಕ್ ಪಾಲು ಶಾಂಪೂ, ಸೋಪಿನ ಕಡೆಗೆ ಹೋಗುತ್ತದೆ. ಅಂಗಡಿಯವರು ಇದನ್ನು ‘ಫ್ರ್ಯಾಕ್ಷನೇಟೆಡ್ ಕೋಕೊನಟ್ ಆಯಿಲ್’ ಅಥವಾ ‘ಎಂಸಿಟಿ’ ಎಂದು ಕೊಡುತ್ತಾರೆ. ಕೊಬ್ಬರಿ ಎಣ್ಣೆಯನ್ನು ಫ್ರಿಜ್‌ನಲ್ಲಿಟ್ಟು ಮೇಲಿನ ತಿಳಿ ಬಸಿದುಕೊಂಡರೆ ಇದು ಸಿಗುವುದಿಲ್ಲ.

ಇಷ್ಟು ಶ್ರಮಪಟ್ಟು ಪಡೆಯುವುದಾದರೂ ಏನು? ಕೊಬ್ಬರಿ ಎಣ್ಣೆ 24 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಕ್ರೀಮೂ ಗಟ್ಟಿ, ಮೇ ತಿಂಗಳಲ್ಲಿ ನೀರು. ಎಂಸಿಟಿ ಚಳಿಯಲ್ಲೂ ತಿಳಿಯಾಗಿಯೇ ಇರುತ್ತದೆ. ಅದರ ಆಮ್ಲಗಳಲ್ಲಿ ಗಾಳಿಗೆ ಬಲಿಯಾಗುವ ಜೋಡಿಬಂಧ ಇಲ್ಲದ ಕಾರಣ ಕಮಟು ಹಿಡಿಯುವುದು ಬಹಳ ನಿಧಾನ. ಬಣ್ಣವಿಲ್ಲ, ವಾಸನೆಯಿಲ್ಲ, ಚರ್ಮದ ಮೇಲೆ ಬೇಗ ಹರಡುತ್ತದೆ.

ಕೂದಲಿನ ವಿಷಯದಲ್ಲಿ ಮಾತ್ರ ನಿಮ್ಮ ಊರಿನ ಎಣ್ಣೆಯೇ ಮೇಲು. ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಗಮನಾರ್ಹವಾಗಿ ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ನೇರವಾದ ಸಣ್ಣ ಸರಪಳಿಯ ಲಾರಿಕ್ ಟ್ರೈಗ್ಲಿಸರೈಡ್ ಕೂದಲಿನೊಳಕ್ಕೆ ನುಗ್ಗುವುದೇ ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಎಂಸಿಟಿಯಲ್ಲಿ ಲಾರಿಕ್ ಅನ್ನು ತೆಗೆದೇ ಹಾಕಿರುತ್ತಾರೆ. ‘ಜಿಡ್ಡಿಲ್ಲದ ತೆಂಗಿನೆಣ್ಣೆ’ ಎಂದು ಮಾರುವ ಹೇರ್ ಆಯಿಲ್ ಕೊಂಡು ಆ ಗುಣವನ್ನೂ ನಿರೀಕ್ಷಿಸಬೇಡಿ.

ಪ್ರಶ್ನೆ: ‘ನೂರಕ್ಕೆ ನೂರು ಸಸ್ಯಜನ್ಯ’ ಎಂದು ಬರೆದ ಲೋಷನ್‌ನಲ್ಲಿ ಐಸೊಪ್ರೊಪೈಲ್ ಮಿರಿಸ್ಟೇಟ್ ಮತ್ತು ಎಥೈಲ್‌ಹೆಕ್ಸೈಲ್ ಪಾಮಿಟೇಟ್ ಇವೆ. ಇವು ಸಸ್ಯದವೇ? (ಬೆಂಗಳೂರು)

ಉತ್ತರ: ಅರ್ಧ ಸತ್ಯ, ಎಷ್ಟು ಅರ್ಧ ಎಂದೂ ಎಣಿಸಬಹುದು. ಮಿರಿಸ್ಟಿಕ್ ಆಮ್ಲ ತೆಂಗು ಅಥವಾ ತಾಳೆಬೀಜದ ಎಣ್ಣೆಯಿಂದ ಬರುತ್ತದೆ: 14 ಕಾರ್ಬನ್. ಐಸೊಪ್ರೊಪೈಲ್ ಆಲ್ಕೋಹಾಲ್ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು: 3 ಕಾರ್ಬನ್. ಒಟ್ಟು 17ರಲ್ಲಿ 14 ಸಸ್ಯದ್ದು, ಅಂದರೆ 82%. ಎಥೈಲ್‌ಹೆಕ್ಸೈಲ್ ಪಾಮಿಟೇಟ್‌ನಲ್ಲಿ ತಾಳೆಯ ಪಾಮಿಟಿಕ್ ಆಮ್ಲದ 16 ಕಾರ್ಬನ್, ಪೆಟ್ರೋಲಿಯಂ ಆಲ್ಕೋಹಾಲಿನ 8, ಸಸ್ಯಪಾಲು 67%. ಇದು ಬರೀ ಕಾಗದದ ಲೆಕ್ಕವಲ್ಲ. ಭೂಮಿಯೊಳಗೆ ಕೋಟ್ಯಂತರ ವರ್ಷ ಇದ್ದ ಪೆಟ್ರೋಲಿಯಂನಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ, ಹೊಸ ಸಸ್ಯದಲ್ಲಿ ಇರುತ್ತದೆ. ಅದನ್ನು ಅಳೆದು ಪ್ರಯೋಗಾಲಯದವರು ಈ ಪಾಲನ್ನು ಹೇಳಬಲ್ಲರು.

ಎರಡೂ ಅರ್ಧ ಸಸ್ಯದ್ದೇ ಬೇಕೆಂದರೆ ಪಟ್ಟಿಯಲ್ಲಿ ಕೊಕೊ-ಕ್ಯಾಪ್ರಿಲೇಟ್, ಸಿಟೈಲ್ ಪಾಮಿಟೇಟ್, ಐಸೊಅಮೈಲ್ ಲಾರೇಟ್ ಹುಡುಕಿ. ಕೊನೆಯದರ ಆಲ್ಕೋಹಾಲು ಸಕ್ಕರೆ ಹುದುಗಿಸುವಾಗ ಉಳಿಯುವ ಉಪಉತ್ಪನ್ನದಿಂದ ಸಿಗುತ್ತದೆ. ಕೊಕೊ-ಕ್ಯಾಪ್ರಿಲೇಟ್, ಐಸೊಅಮೈಲ್ ಲಾರೇಟ್ ಎರಡೂ ಹಗುರವಾಗಿ ಒಣಗಿದಂತೆ ಭಾಸವಾಗುವುದರಿಂದ ಸಿಲಿಕೋನ್ ಬದಲಿಗೆ ಅವನ್ನು ಬಳಸುವವರು ಹೆಚ್ಚು. ಹಾಗೆಂದು ಪೆಟ್ರೋಲಿಯಂನ 3 ಕಾರ್ಬನ್ ಚರ್ಮಕ್ಕೆ ವಿಷ ಎಂದು ಹೆದರಬೇಕಿಲ್ಲ. ತಕರಾರು ಇರುವುದು ‘ನೂರಕ್ಕೆ ನೂರು’ ಎಂಬ ಮಾತಿನ ಬಗ್ಗೆ.

ಪಟ್ಟಿ ಓದುವಾಗ ಇನ್ನೊಂದು ಉಪಾಯ: 1%ಗಿಂತ ಹೆಚ್ಚಿರುವ ಪದಾರ್ಥಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ, ಅದಕ್ಕಿಂತ ಕಡಿಮೆಯವನ್ನು ಹೇಗೂ ಬರೆಯಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ 1% ಮಿತಿ ಇದೆ. ಅದರ ನಂತರ ಬರುವ ಕೇಸರಿ, ಗುಲಾಬಿ, ಬಾದಾಮಿ ಎಲ್ಲವೂ 1% ಮೀರುವುದಿಲ್ಲ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಲ್ಲಿ ಮುರುಗಲು ತುಪ್ಪ ಹಾಕಿ ಕೈಕಾಲಿನ ಲೋಷನ್ ಮಾಡುತ್ತಿದ್ದೇವೆ. ಜಿಎಂಎಸ್ ಹಾಕಿದರೂ ಎರಡು ದಿನಕ್ಕೆ ನೀರು ಬೇರೆಯಾಗುತ್ತದೆ. ಅಂಗಡಿಯವರು ‘ಎಸ್‌ಇ’ ಜಿಎಂಎಸ್ ಕೊಟ್ಟರು, ಅದು ನಿಂತಿತು. ನಿಂಬೆರಸ ಹಾಕಿದ ಮೇಲೆ ಮತ್ತೆ ಒಡೆಯಿತು. ಕೆಲವು ಬಾರಿ ರವೆಯಂಥ ಕಾಳೂ ಆಗುತ್ತದೆ. (ಶಿರಸಿ)

ಉತ್ತರ: ಇಲ್ಲಿರುವುದು ಮೂರು ಬೇರೆ ಬೇರೆ ತೊಂದರೆ.

ಜಿಎಂಎಸ್ ಎಂದರೆ ಗ್ಲಿಸರಿನ್‌ಗೆ ಒಂದೇ ಸ್ಟಿಯರಿಕ್ ಆಮ್ಲ ಜೋಡಿಸಿದ ಎಸ್ಟರ್. ಅದರ ಒಲವು ಎಣ್ಣೆಯ ಕಡೆಗೇ ಹೆಚ್ಚು. ಎಣ್ಣೆ ನೀರನ್ನು ಬೆರೆಸಿ ಹಿಡಿಯುವ ಎಮಲ್ಸಿಫೈಯರ್‌ಗಳನ್ನು ಅಳೆಯುವ ಎಚ್‌ಎಲ್‌ಬಿ ಮಾಪಕದಲ್ಲಿ ಅಂಕಿ ಹೆಚ್ಚಾದಷ್ಟೂ ನೀರಿನ ಒಲವು ಹೆಚ್ಚು; ಅದಕ್ಕೆ 4ಕ್ಕೂ ಕಡಿಮೆ. ನಿಮ್ಮ ಲೋಷನ್‌ನಲ್ಲಿ ಮುಕ್ಕಾಲು ಪಾಲು ನೀರು. ನೀರಿನ ಕಡೆ ಒಲವಿರುವ ಜೊತೆಗಾರ ಇಲ್ಲದೆ ಅದು ಒಂಟಿಯಾಗಿ ಆ ಭಾರ ಹೊರಲಾರದು. ‘ಎಸ್‌ಇ’ ಬಗೆಯಲ್ಲಿ ಆ ಜೊತೆಗಾರನಾಗಿ ಸ್ವಲ್ಪ ಸೋಪು ಬೆರೆಸಿರುತ್ತಾರೆ, ಆದ್ದರಿಂದ ನಿಂತಿತು. ನಿಂಬೆಯ ಆಮ್ಲ ಆ ಸೋಪನ್ನು ಮತ್ತೆ ಸ್ಟಿಯರಿಕ್ ಆಮ್ಲವಾಗಿ ಮಾಡಿಬಿಟ್ಟಿತು; ಜೊತೆಗಾರ ಹೋದ, ಲೋಷನ್ ಮಜ್ಜಿಗೆಯಂತೆ ಒಡೆಯಿತು. ನಿಂಬೆರಸವನ್ನು ಯಾವ ಕ್ರೀಮಿಗೂ ಹಾಕಬೇಡಿ. ಅದರ ಆಮ್ಲತೆ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ, ಸಕ್ಕರೆ ಮತ್ತು ತಿರುಳು ಬೂಷ್ಟಿಗೆ ಆಹಾರ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗುವ ಅಪಾಯವೂ ಇದೆ.

ಆಮ್ಲಕ್ಕೆ ಬಗ್ಗದ ಜೋಡಿ ‘ಜಿಎಂಎಸ್ ಮತ್ತು ಪೆಗ್-100 ಸ್ಟಿಯರೇಟ್’. ಒಂದೇ ಬಿಲ್ಲೆಯಾಗಿ ಬೆರೆಸಿಯೇ ಮಾರುತ್ತಾರೆ. 100 ಗ್ರಾಂ ಲೋಷನ್‌ಗೆ ಈ ಅಳತೆ ಇಟ್ಟುಕೊಳ್ಳಿ. ನೀರಿನ ಪಾತ್ರೆಗೆ: ಡಿಸ್ಟಿಲ್ಡ್ ನೀರು 73.2 ಗ್ರಾಂ, ಗ್ಲಿಸರಿನ್ 4, ಕ್ಸಾಂಥನ್ ಗಮ್ 0.3, ಡೈಸೋಡಿಯಂ ಇಡಿಟಿಎ 0.2. ಎಣ್ಣೆಯ ಪಾತ್ರೆಗೆ: ಮೇಲೆ ಹೇಳಿದ ಜೋಡಿ 5 ಗ್ರಾಂ, ಸಿಟೋಸ್ಟಿಯರೈಲ್ ಆಲ್ಕೋಹಾಲ್ 2, ಎಂಸಿಟಿ 10, ಮುರುಗಲು ತುಪ್ಪ 4. ಆರಿದ ಮೇಲೆ: ಫಿನಾಕ್ಸಿಎಥನಾಲ್ ಮತ್ತು ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಮಿಶ್ರಣ 1 ಗ್ರಾಂ, ಟೊಕೊಫೆರಾಲ್ 0.3. (ಸಿಟೋಸ್ಟಿಯರೈಲ್ ಹೆಸರಿನಲ್ಲಿ ಆಲ್ಕೋಹಾಲ್ ಇದ್ದರೂ ಅದು ಬಿಳಿ ಮೇಣದ ಚೂರು, ಚರ್ಮ ಒಣಗಿಸುವ ಸ್ಪಿರಿಟ್ ಅಲ್ಲ.)

ಗಮ್ ಅನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿಕೊಂಡು ಆಮೇಲೆ ನೀರು ಸುರಿಯಿರಿ. ನೇರ ನೀರಿಗೆ ಉದುರಿಸಿದರೆ ಗಂಟು ಕಟ್ಟುತ್ತದೆ. ಎರಡೂ ಪಾತ್ರೆಗಳನ್ನು ಬಿಸಿನೀರಿನ ತಪ್ಪಲೆಯಲ್ಲಿಟ್ಟು 75 ಡಿಗ್ರಿಗೆ ತನ್ನಿ. ನೀರಿನ ಪಾತ್ರೆಯನ್ನು ಕಾಯಿಸುವ ಮೊದಲೂ ಆಮೇಲೂ ತೂಗಿ, ಆವಿಯಾದಷ್ಟನ್ನು ಬಿಸಿನೀರಿನಿಂದ ತುಂಬಿ. ಈ ಒಂದು ಹೆಜ್ಜೆ ಬಿಟ್ಟರೆ ಪ್ರತಿ ಬಾರಿಯೂ ಲೋಷನ್ ಬೇರೆ ಬೇರೆ ದಪ್ಪ ಬರುತ್ತದೆ. ಎರಡೂ ಒಂದೇ ಬಿಸಿಯಲ್ಲಿರುವಾಗ ಎಣ್ಣೆಯನ್ನು ನೀರಿಗೆ ಸುರಿದು ಹ್ಯಾಂಡ್ ಬ್ಲೆಂಡರ್‌ನಿಂದ 2–3 ನಿಮಿಷ ಕಡೆಯಿರಿ. ಬ್ಲೆಂಡರಿನ ತಲೆ ಪೂರ್ತಿ ಮುಳುಗಿರಲಿ, ಇಲ್ಲವಾದರೆ ಗಾಳಿ ಸೇರಿ ನೊರೆಯಾಗುತ್ತದೆ. ಒಂದು ಪಾತ್ರೆ ತಣ್ಣಗಿದ್ದರೆ ಮೇಣ ಬೆರೆಯುವ ಮೊದಲೇ ಹೆಪ್ಪುಗಟ್ಟುತ್ತದೆ. ನಂತರ ಚಮಚದಲ್ಲಿ ತಿರುವುತ್ತ ಆರಿಸಿ, 40 ಡಿಗ್ರಿಗೆ ಬಂದಾಗ ಕೊನೆಯ ಎರಡನ್ನು ಸೇರಿಸಿ. ಪಿಎಚ್ 5ರಿಂದ 5.5ರೊಳಗೆ ಇರಲಿ, ಹೆಚ್ಚಿದ್ದರೆ ಲ್ಯಾಕ್ಟಿಕ್ ಆಮ್ಲದ ತೆಳು ದ್ರಾವಣವನ್ನು ಹನಿಹನಿಯಾಗಿ ಹಾಕಿ. ಲೋಷನ್ ಪೂರ್ತಿ ದಪ್ಪವಾಗಲು ಒಂದು ದಿನ ಹಿಡಿಯುತ್ತದೆ. ಅದೇ ಸಂಜೆ ‘ತೆಳುವಾಯಿತು’ ಎಂದು ಮೇಣ ಹೆಚ್ಚಿಸಿದರೆ ಮರುದಿನ ಬಾಟಲಿಯಿಂದ ಹೊರಗೇ ಬರುವುದಿಲ್ಲ.

ಇನ್ನು ರವೆಕಾಳು. ಮುರುಗಲು ತುಪ್ಪದಲ್ಲಿ ಅರ್ಧಕ್ಕೂ ಹೆಚ್ಚು ಸ್ಟಿಯರಿಕ್, ಉಳಿದದ್ದರಲ್ಲಿ ಬಹುಪಾಲು ಓಲಿಕ್; ಸುಮಾರು 40 ಡಿಗ್ರಿಗೆ ಕರಗುತ್ತದೆ. ಅದು ಒಂದಕ್ಕಿಂತ ಹೆಚ್ಚು ರೂಪದಲ್ಲಿ ಹರಳುಗಟ್ಟಬಲ್ಲದು. ಅರೆಬರೆ ಕರಗಿಸಿದರೆ ಉಳಿದ ಹರಳುಗಳೇ ಬೀಜವಾಗುತ್ತವೆ. ನಿಧಾನವಾಗಿ ಆರಿದರೆ ದೊಡ್ಡ ಹರಳು ಬೆಳೆಯಲು ಸಮಯ ಸಿಗುತ್ತದೆ. 75 ಡಿಗ್ರಿಯಲ್ಲಿ 15–20 ನಿಮಿಷ ಇಟ್ಟು, ಕಡೆದ ಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ತಿರುವುತ್ತ ಬೇಗ ಆರಿಸಿ. ನೀರಿಲ್ಲದ ಬಾಮ್ ಮಾಡುವವರಿಗಂತೂ ಇದು ಕಡ್ಡಾಯ: ಮುರುಗಲು ತುಪ್ಪ 30, ಜೇನುಮೇಣ 20, ಎಂಸಿಟಿ 35, ಹರಳೆಣ್ಣೆ 15 ಗ್ರಾಂ ಕರಗಿಸಿ ಅಚ್ಚಿಗೆ ಸುರಿದ ತಕ್ಷಣ ಫ್ರಿಜ್‌ಗೆ ಹಾಕಿ. ಹಳ್ಳಿಯಲ್ಲಿ ಬೀಜ ಕುದಿಸಿ ತೆಗೆದ ತುಪ್ಪವಾದರೆ ಮೊದಲು ಕರಗಿಸಿ, ಬಟ್ಟೆಯಲ್ಲಿ ಸೋಸಿ, ತಳದ ನೀರು ಪೂರ್ತಿ ಬಿಡಿಸಿಕೊಂಡೇ ಬಳಸಿ. ನೀರು ಉಳಿದ ತುಪ್ಪ ಡಬ್ಬಿಯಲ್ಲಿಯೇ ಒಡೆಯಲು ಶುರುವಾಗಿರುತ್ತದೆ.

ಪ್ರಶ್ನೆ: ವಿಟಮಿನ್ ಇ ಹಾಕಿದರೂ ನನ್ನ ಬಾದಾಮಿ ಎಣ್ಣೆಯ ಕ್ರೀಮು ಎರಡು ತಿಂಗಳಲ್ಲಿ ಕಮಟು ಹಿಡಿಯುತ್ತದೆ. (ಹುಬ್ಬಳ್ಳಿ)

ಉತ್ತರ: ಬಾಟಲಿಯ ಮೇಲೆ ಟೊಕೊಫೆರಾಲ್ ಎಂದಿದೆಯೋ, ಟೊಕೊಫೆರೈಲ್ ಅಸಿಟೇಟ್ ಎಂದಿದೆಯೋ ನೋಡಿ. ಅಗ್ಗದಲ್ಲಿ ಸಿಗುವುದು ಹೆಚ್ಚಾಗಿ ಎರಡನೆಯದು. ಅದೂ ಒಂದು ಎಸ್ಟರ್. ಆಮ್ಲಜನಕದ ದಾಳಿ ತಡೆಯುವ ತುದಿಗೇ ಅಸಿಟೇಟ್ ಅಂಟಿಸಿ ಮುಚ್ಚಿರುತ್ತಾರೆ. ತಾನು ಕೆಡದಿರಲಿ ಎಂದು ಹಾಗೆ ಮಾಡಿದ್ದು. ಆದರೆ ಡಬ್ಬಿಯಲ್ಲಿರುವಷ್ಟು ಕಾಲ ಅದು ಎಣ್ಣೆಯನ್ನು ಕಾಯುವುದಿಲ್ಲ. ಎಣ್ಣೆ ಕಾಯಲು ಬೇಕಾದದ್ದು ಬರೀ ಟೊಕೊಫೆರಾಲ್, 0.1ರಿಂದ 0.5%. ಹೆಚ್ಚು ಹಾಕಿದರೆ ಹೆಚ್ಚು ರಕ್ಷಣೆ ಎಂಬುದು ಸುಳ್ಳು. ಅತಿಯಾದರೆ ಅದೇ ಆಕ್ಸಿಡೇಷನ್‌ಗೆ ಕೈಜೋಡಿಸಬಹುದು. ಆಗಲೇ ಕಮಟಾದ ಎಣ್ಣೆಯನ್ನೂ ಅದು ಸರಿಮಾಡದು. ಬಾದಾಮಿ ಎಣ್ಣೆಯ ಅರ್ಧವನ್ನು ಎಂಸಿಟಿಗೆ ಬದಲಿಸಿದರೆ ಬಾಳಿಕೆಗೆ ಇನ್ನೂ ಒಳ್ಳೆಯದು. ಟೊಕೊಫೆರಾಲ್ ಸಂರಕ್ಷಕ ಅಲ್ಲ ಎಂಬುದೂ ನೆನಪಿರಲಿ: ಅದು ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ.

ಪ್ರಶ್ನೆ: ಒಂದು ಕೆಜಿ ಎಣ್ಣೆಯ ಸೋಪಿನಲ್ಲಿ 100 ಗ್ರಾಂ ಕೊಬ್ಬರಿ ಎಣ್ಣೆಯ ಬದಲು ಜೊಜೊಬಾ ಹಾಕಿದೆ, ಕಾಸ್ಟಿಕ್ ಅಷ್ಟೇ ಇಟ್ಟೆ. ಸೋಪು ಚರ್ಮ ಉರಿಸುತ್ತದೆ. ಇನ್ನೊಮ್ಮೆ ಎಂಸಿಟಿ ಹಾಕಿದಾಗ ಮೆತ್ತಗಾಯಿತು. (ಮೈಸೂರು)

ಉತ್ತರ: ಆ ಉರಿಯುವ ಸೋಪನ್ನು ಯಾರಿಗೂ ಕೊಡಬೇಡಿ. ಜೊಜೊಬಾ ಟ್ರೈಗ್ಲಿಸರೈಡ್ ಅಲ್ಲ, ದ್ರವರೂಪದ ಮೇಣ: ಒಂದು ಉದ್ದ ಆಮ್ಲಕ್ಕೆ ಒಂದು ಉದ್ದ ಆಲ್ಕೋಹಾಲ್. ಕಾಸ್ಟಿಕ್ ಒಡೆಯುವುದು ಆಮ್ಲವೂ ಆಲ್ಕೋಹಾಲೂ ಕೂಡಿದ ಎಸ್ಟರ್ ಗಂಟುಗಳನ್ನು; ತೂಕಕ್ಕೆ ಹೋಲಿಸಿದರೆ ಜೊಜೊಬಾದಲ್ಲಿ ಅವು ಬಹಳ ಕಡಿಮೆ. 100 ಗ್ರಾಂ ಕೊಬ್ಬರಿ ಎಣ್ಣೆ 18.3 ಗ್ರಾಂ ಕಾಸ್ಟಿಕ್ ಸೋಡಾ ತಿನ್ನುತ್ತದೆ, ಅಷ್ಟೇ ಜೊಜೊಬಾ ಸುಮಾರು 6.8 ಗ್ರಾಂ. ಹನ್ನೊಂದೂವರೆ ಗ್ರಾಂ ಉಳಿಯಿತು. ನೀವು ಸಾಮಾನ್ಯ ರೂಢಿಯಂತೆ 5% ಕಾಸ್ಟಿಕ್ ಕಡಿತ ಇಟ್ಟಿದ್ದರೂ ಅದು ಏಳೆಂಟು ಗ್ರಾಂಗೆ ಮಾತ್ರ ಸಾಲುತ್ತದೆ. ಸುಮಾರು 4 ಗ್ರಾಂ ಕಾಸ್ಟಿಕ್ ಸೋಪಿನಲ್ಲಿ ಹಾಗೇ ಇದೆ. ಕೈಗವಸು, ಕನ್ನಡಕ ಹಾಕಿಕೊಂಡು ಸೋಪನ್ನು ತುರಿದು, ಸ್ವಲ್ಪ ನೀರಿನೊಂದಿಗೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ, 60 ಗ್ರಾಂ ಕೊಬ್ಬರಿ ಎಣ್ಣೆ ಸೇರಿಸಿ ಒಂದು ಗಂಟೆ ಬೇಯಿಸಿದರೆ ಅದು 11 ಗ್ರಾಂ ಕಾಸ್ಟಿಕ್ಕನ್ನು ತೆಗೆದುಕೊಳ್ಳಬಲ್ಲದು. ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ.

ಎಂಸಿಟಿಯದು ಇದರ ತಿರುಗುಮುರುಗು. ಸರಪಳಿ ಸಣ್ಣದಾದಷ್ಟೂ ಗಂಟು ಹೆಚ್ಚು: 100 ಗ್ರಾಂಗೆ ಸುಮಾರು 23.5 ಗ್ರಾಂ ಬೇಕಿತ್ತು, ನೀವು ಕೊಟ್ಟದ್ದು 18.3. ಉಳಿದ ಎಣ್ಣೆಯೇ ಆ ಮೆತ್ತಗಿನ ಜಿಡ್ಡು. ಕಾಸ್ಟಿಕ್ ಸರಿಪಡಿಸಿದರೂ 8, 10ರ ಸೋಪು ನೀರಿನಲ್ಲಿ ಬೇಗ ಕರಗಿಹೋಗುತ್ತದೆ, ಚರ್ಮಕ್ಕೂ ಒರಟು. ದುಬಾರಿ ಎಸ್ಟರ್‌ಗಳನ್ನು ಕಾಸ್ಟಿಕ್‌ಗೆ ಸುರಿಯುವುದು ದುಡ್ಡು ದಂಡ, ಅವು ಕ್ರೀಮಿಗಿರಲಿ.

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗೆ ಸಿಟೈಲ್ ಪಾಮಿಟೇಟ್ ಮಾಡುತ್ತಿದ್ದೇನೆ. ಪಾಮಿಟಿಕ್ ಆಮ್ಲ 25.6 ಗ್ರಾಂ, ಸಿಟೈಲ್ ಆಲ್ಕೋಹಾಲ್ 24.2 ಗ್ರಾಂ, ಪಿಟಿಎಸ್‌ಎ 0.5 ಗ್ರಾಂ, ಟಾಲ್ವೀನ್‌ನಲ್ಲಿ ರಿಫ್ಲಕ್ಸ್. ಆಸಿಡ್ ವ್ಯಾಲ್ಯೂ 40ಕ್ಕಿಂತ ಕೆಳಗಿಳಿಯುತ್ತಿಲ್ಲ. (ದಾವಣಗೆರೆ)

ಉತ್ತರ: ನಿಮ್ಮ 40ರಲ್ಲಿಯೇ ಉತ್ತರ ಇದೆ. ಆಸಿಡ್ ವ್ಯಾಲ್ಯೂ ಎಂದರೆ ಮಿಶ್ರಣದಲ್ಲಿ ಇನ್ನೂ ಉಳಿದ ಆಮ್ಲದ ಅಳತೆ. ಎರಡೂ ತಲಾ 0.1 ಮೋಲ್, ಆರಂಭದಲ್ಲಿ, ಟಾಲ್ವೀನ್ ಬಿಟ್ಟು ಲೆಕ್ಕ ಹಾಕಿದರೆ, ಮಿಶ್ರಣದಲ್ಲಿ ಪಾಮಿಟಿಕ್ ಆಮ್ಲದ ಪಾಲಿನ ಆಸಿಡ್ ವ್ಯಾಲ್ಯೂ ಸುಮಾರು 112. ಬರೀ ಕಂಡೆನ್ಸರ್ ಇಟ್ಟರೆ ಹುಟ್ಟಿದ ನೀರು ಫ್ಲಾಸ್ಕಿಗೇ ಮರಳುತ್ತದೆ, ಕ್ರಿಯೆ ಮೂರರಲ್ಲಿ ಎರಡು ಪಾಲಿನ ಆಸುಪಾಸಿನಲ್ಲಿ ಸಮತೋಲನಕ್ಕೆ ಬಂದು ನಿಲ್ಲುತ್ತದೆ. ಉಳಿದ ಮೂರನೇ ಒಂದು ಪಾಲು 37. ವೇಗವರ್ಧಕವಾದ ಪಿಟಿಎಸ್‌ಎ ಕೂಡ ಆಮ್ಲವೇ, ಅದರ ಪಾಲಿನ 3 ಸೇರಿಸಿ. ಹುಟ್ಟಿದ ನೀರನ್ನು ಬೇರೆಯಾಗಿ ಹಿಡಿದಿಡುವ ಡೀನ್-ಸ್ಟಾರ್ಕ್ ಟ್ರ್ಯಾಪ್ ಹಾಕಿ, ಮೂರ್ನಾಲ್ಕು ಗಂಟೆ ನಡೆಸಿ, 1.8 ಮಿ.ಲೀ. ನೀರು ಬಂತೇ ನೋಡಿ. ಕ್ರಿಯೆ ಪೂರ್ತಿಯಾದರೂ ವೇಗವರ್ಧಕವನ್ನು ತೊಳೆಯುವ ತನಕ ಅಂಕಿ 3ರ ಕೆಳಗೆ ಇಳಿಯದು; ಗಾಬರಿಯಾಗಿ ಆಲ್ಕೋಹಾಲ್ ಹೆಚ್ಚಿಸಬೇಡಿ.

ತೊಳೆಯಲು 5% ಸೋಡಿಯಂ ಬೈಕಾರ್ಬೊನೇಟ್ ದ್ರಾವಣ, ಆಮೇಲೆ ಉಪ್ಪುನೀರು. ಎಸ್ಟರ್ ಐವತ್ತರ ಮೇಲೆ ಕರಗುವಂಥದ್ದು, ತಣ್ಣಗಾದರೆ ಫನೆಲ್‌ನಲ್ಲೇ ಗಟ್ಟಿಯಾಗಿ ಕೂರುತ್ತದೆ, ಎಲ್ಲವನ್ನೂ ಬೆಚ್ಚಗಿಡಿ. ಜೋರಾಗಿ ಕುಲುಕಿದರೆ ಉಳಿದ ಆಮ್ಲ ಸೋಪಾಗಿ ಪದರಗಳು ಬೇರೆಯಾಗುವುದೇ ಇಲ್ಲ. ಅನಿಲ ಹೊಮ್ಮುವುದರಿಂದ ಮುಚ್ಚಳ ಆಗಾಗ ಬಿಡಿಸಿ. ಟಾಲ್ವೀನ್ ಇದೆ, ಬರ್ನರ್ ಬೇಡ, ಹೀಟಿಂಗ್ ಮ್ಯಾಂಟಲ್ ಮತ್ತು ಫ್ಯೂಮ್ ಹುಡ್ ಇರಲಿ. ಸೈದ್ಧಾಂತಿಕ ಇಳುವರಿ 48 ಗ್ರಾಂ.

ವರದಿಯ ಪೀಠಿಕೆಗೆ ಒಂದು ಮಾತು: ಹಿಂದೆ ಕೋಲ್ಡ್ ಕ್ರೀಮುಗಳಿಗೆ ಹಾಕುತ್ತಿದ್ದ ಸ್ಪರ್ಮ್ ತಿಮಿಂಗಿಲದ ತಲೆಯ ಮೇಣದ ಮುಖ್ಯ ಅಂಶ ಇದೇ ಸಿಟೈಲ್ ಪಾಮಿಟೇಟ್. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆ ತಾಳೆ ಮೂಲದ ಮೇಣಕ್ಕೂ ಮರುಭೂಮಿಯ ಜೊಜೊಬಾಕ್ಕೂ ಬೇಡಿಕೆ ಏರಿತು.

ಪ್ರಶ್ನೆ: ತಲೆಹೊಟ್ಟು, ಮೊಡವೆ ಎರಡೂ ಇವೆ. ಯಾವ ಎಸ್ಟರ್ ತಪ್ಪಿಸಬೇಕು? (ಮಂಗಳೂರು)

ಉತ್ತರ: ಹೊಟ್ಟಿಗೆ ಕಾರಣವಾಗುವ ಮಲಾಸೀಜಿಯಾ ಎಂಬ ಶಿಲೀಂಧ್ರ ತನ್ನ ಕೊಬ್ಬಿನಾಮ್ಲವನ್ನು ತಾನೇ ಮಾಡಿಕೊಳ್ಳಲಾರದು, ಎಣ್ಣೆಯ ಎಸ್ಟರ್ ಒಡೆದು ತಿನ್ನುತ್ತದೆ. 11 ಕಾರ್ಬನ್‌ಗಿಂತ ಉದ್ದದವು ಅದಕ್ಕೆ ಇಷ್ಟ. ಹಾಗಾಗಿ ರಾತ್ರಿಯಿಡೀ ಎಣ್ಣೆ ಹಚ್ಚಿಡುವುದು ಬಿಡಿ. ಕೆಟೊಕೊನಜೋಲ್ 2% ಶಾಂಪೂವನ್ನು ವಾರಕ್ಕೆ ಎರಡು ಬಾರಿ, 3–5 ನಿಮಿಷ ಬಿಟ್ಟು ತೊಳೆಯಿರಿ. ನಾಲ್ಕು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮವೈದ್ಯರನ್ನು ಕಾಣಿ. ಮೊಡವೆಗೆ ಹೆಸರು ಕೆಡಿಸಿಕೊಂಡದ್ದು ಐಸೊಪ್ರೊಪೈಲ್ ಮಿರಿಸ್ಟೇಟ್. ಆ ಪರೀಕ್ಷೆಗಳು ಮೊಲದ ಕಿವಿಯ ಮೇಲೆ ನಡೆದವು, ಅದು ಮನುಷ್ಯನ ಚರ್ಮಕ್ಕಿಂತ ಸೂಕ್ಷ್ಮ. ಪಟ್ಟಿಯ ಮೊದಲ ನಾಲ್ಕೈದು ಹೆಸರಿನಲ್ಲಿ ಅದಿದ್ದರೆ ಮುಖಕ್ಕೆ ಬೇಡ, ಕೊನೆಯಲ್ಲಿದ್ದರೆ ಚಿಂತೆ ಬೇಡ.

ಪ್ರಶ್ನೆ: ಪಾರದರ್ಶಕ ಡಬ್ಬಿಯಲ್ಲಿ ತುಂಬಿದ ಬಾಡಿ ಆಯಿಲ್‌ನಿಂದ ಡಬ್ಬಿಯೇ ಬಿರಿಯಿತು. ಅಂದ ಹಾಗೆ, ಮನೆಯಿಂದ ಮಾರಲು ಪರವಾನಗಿ ಬೇಕೇ? (ಉಡುಪಿ)

ಉತ್ತರ: ಆ ಡಬ್ಬಿ ಪಾಲಿಸ್ಟೈರೀನ್ ಇರಬೇಕು, ತಳದ ತ್ರಿಕೋನದಲ್ಲಿ 6 ಇದೆಯೇ ನೋಡಿ. ಹಗುರ ಎಸ್ಟರ್‌ಗಳು ಅದನ್ನು ಮೆದುಗೊಳಿಸಿ ಬಿರುಕು ಬಿಡಿಸುತ್ತವೆ. ಗಾಜು, ಅಥವಾ 1, 2, 5 ಸಂಖ್ಯೆಯ ಪ್ಲಾಸ್ಟಿಕ್ ತೆಗೆದುಕೊಳ್ಳಿ. ತುಂಬಿಸಿ ಒಂದು ತಿಂಗಳು ಇಟ್ಟು ನೋಡಿ, ಮುಚ್ಚಳದ ಒಳಗಿನ ರಬ್ಬರ್ ಉಬ್ಬಿದೆಯೇ ಎಂಬುದನ್ನೂ ಗಮನಿಸಿ. ಪರವಾನಗಿ ಬೇಕೇ ಬೇಕು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಅನುಮತಿ ಇರಲೇಬೇಕು, ಅಡುಗೆಮನೆಯಲ್ಲಿ ಮಾಡಿದ್ದಕ್ಕೆ ಅದು ಸಿಗುವುದಿಲ್ಲ. ಸಣ್ಣ ಸಂಘಗಳಿಗೆ ಇರುವ ದಾರಿ, ಪರವಾನಗಿ ಇರುವ ಘಟಕದಲ್ಲಿ ತಮ್ಮ ಸೂತ್ರದಂತೆ ಮಾಡಿಸಿಕೊಳ್ಳುವುದು. ಅದಕ್ಕೆ ನಿಯಮಗಳಲ್ಲಿ ‘ಲೋನ್ ಲೈಸೆನ್ಸ್’ ಎಂಬ ಅವಕಾಶ ಇದೆ.